ಹಿಂದಿನವರು, ಮುಂದೆ ಹೋದವರು

ಎರಿ ಹೊಲದಲ್ಲಿ ಕಲ್ಲು ತಾನಾಗಿ ಹುಟ್ಟುವುದಿಲ್ಲ. ಜೇವರ್ಗಿ ಸೀಮೆಯ ನಮ್ಮ ಇಜೇರಿಯ ಸುತ್ತಮುತ್ತ ಆಳವಾದ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿಯನ್ನೇ ಕಿತ್ತುಕೊಳ್ಳುವ ಜಿಗುಟು. ಇಂಥ ನೆಲದ ನಡುವೆ ಒಂದು ಕಲ್ಲು ನಿಂತಿದೆಯೆಂದರೆ ಯಾರೋ ಅದನ್ನು ಹೊತ್ತು ತಂದು, ಏನನ್ನೋ ಹೇಳುವುದಕ್ಕೆಂದೇ ನಿಲ್ಲಿಸಿದ್ದಾರೆ ಎಂದು ಅರ್ಥ. ಬದುವಿನ ಮೂಲೆಯಲ್ಲಿದ್ದರೆ ಅದು ಸರ್ವೆಯವರ ಬಾಂದುಗಲ್ಲು. ಬೇವಿನ ಬುಡದಲ್ಲಿದ್ದು ಮೈಮೇಲೆ ಕುಂಕುಮ ಕಂಡರೆ ದೇವರು. ಹೊಲದ ಅಂಚಿನಲ್ಲಿ ಒಂಟಿಯಾಗಿದ್ದರೆ ಯಾರದೋ ಹಿರಿಯರ ಸಮಾಧಿ. ಹಾಗಾಗಿ ಅಲ್ಲಿ ಬೆಳೆದ ಮಕ್ಕಳು ಕಲ್ಲನ್ನು ಕಂಡಾಗ ‘ಇದೇನು’ ಎಂದು ಕೇಳುವುದಿಲ್ಲ, ‘ಇದನ್ನು ಯಾರು ಇಟ್ಟರು’ ಎಂದು ಕೇಳುತ್ತಾರೆ.

ಗುಡ್ಡ ಹತ್ತುವ ಹುಚ್ಚು ನನಗೆ ಹಿಡಿದದ್ದು ಊರು ಬಿಟ್ಟ ಮೇಲೆ. ಗುಡ್ಡದಲ್ಲಿ ಕಲ್ಲಿಗೇನು ಬರ? ಲಕ್ಷಗಟ್ಟಲೆ ಕಲ್ಲು ಬಿದ್ದಿರುತ್ತವೆ, ಒಂದನ್ನೂ ಯಾರೂ ಇಟ್ಟದ್ದಲ್ಲ. ಆದರೆ ಅವುಗಳ ನಡುವೆ ಒಂದರ ಮೇಲೊಂದು ಕೂತ ಮೂರೋ ನಾಲ್ಕೋ ಕಲ್ಲನ್ನು ಕಣ್ಣು ತಟ್ಟನೆ ಹೆಕ್ಕಿಬಿಡುತ್ತದೆ. ಉರುಳಿ ಬಂದ ಕಲ್ಲುಗಳು ದೊಡ್ಡದರ ಮೇಲೆ ಸಣ್ಣದು, ಸಣ್ಣದರ ಮೇಲೆ ಇನ್ನೂ ಸಣ್ಣದು ಎಂಬಂತೆ ಕೂರುವುದಿಲ್ಲ. ಚಾರಣದವರು ಇದಕ್ಕೆ ಕೇರ್ನ್ ಎನ್ನುತ್ತಾರೆ. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ ಇಂಗ್ಲಿಷಿಗೆ ಹೋದ ಮಾತು. ನಮ್ಮ ಕಡೆಯವರು ನೋಡಿದರೆ ಗುಂಪಿ ಎಂದಾರು. ಗುಂಪಿ ಹೇಳುವ ಮಾತು ಎರಡೇ. ಮೊದಲನೆಯದು, ‘ನಾನು ತಾನಾಗಿ ಆದದ್ದಲ್ಲ’. ಎರಡನೆಯದು, ‘ಈ ಕಡೆ ಬಾ’.

ಆ ಎರಡನೆಯ ಮಾತನ್ನು ನಾವು ಯಾಕೆ ನಂಬುತ್ತೇವೆ ಎಂಬುದು ಬಹಳ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ. ಊರೊಳಗೆ ದಾರಿ ಕೇಳುವಾಗ ನಾವು ಸುಮ್ಮನೆ ನಂಬುವುದಿಲ್ಲ. ಹೇಳುವವನ ಮುಖ ನೋಡುತ್ತೇವೆ, ದನಿಯಲ್ಲಿ ಅನುಮಾನವಿದೆಯೇ ಎಂದು ಕೇಳಿಸಿಕೊಳ್ಳುತ್ತೇವೆ, ಎರಡು ಓಣಿ ದಾಟಿ ಇನ್ನೊಬ್ಬರನ್ನು ಕೇಳುತ್ತೇವೆ. ಗುಂಪಿ ಇಟ್ಟವನಿಗೆ ಮುಖವಿಲ್ಲ. ಅವನ ಹೆಸರು, ಊರು, ಅನುಭವ, ಉದ್ದೇಶ ಒಂದೂ ಗೊತ್ತಿಲ್ಲ. ನಿನ್ನೆ ಇಟ್ಟನೋ ಹತ್ತು ವರ್ಷದ ಹಿಂದೆ ಇಟ್ಟನೋ, ಅದೂ ಗೊತ್ತಿಲ್ಲ. ತಿರುಗಿ ಪ್ರಶ್ನೆ ಕೇಳುವ ಅವಕಾಶವಂತೂ ಇಲ್ಲವೇ ಇಲ್ಲ. ಹಾಗಿದ್ದೂ 1712 ಮೀಟರ್ ಎತ್ತರದ ಕುಮಾರ ಪರ್ವತದಂಥ ಕಡೆ ಮಂಜು ಇಳಿದು, ನಾಲ್ಕು ಮಾರು ಆಚೆಯದು ಕಾಣದೆ ಹೋದಾಗ, ಮಂಜಿನೊಳಗಿಂದ ಒಂದು ಗುರುತು ಕಂಡರೆ ಮನುಷ್ಯ ಅದರತ್ತ ಹೆಜ್ಜೆ ಹಾಕಿಬಿಡುತ್ತಾನೆ. ತನ್ನ ಜೀವವನ್ನೇ ಅದರ ಕೈಗೆ ಕೊಡುತ್ತಾನೆ. ಇದು ನಂಬಿಕೆಯೋ, ಸೋಮಾರಿತನವೋ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಒಂದು ವ್ಯತ್ಯಾಸವನ್ನು ಬಿಡಿಸಿಟ್ಟುಕೊಳ್ಳಬೇಕು. ಕೆಸರಿನ ಮೇಲಿನ ಹೆಜ್ಜೆ ಗುರುತೂ ದಾರಿ ತೋರಿಸುತ್ತದೆ, ಗುಂಪಿಯೂ ತೋರಿಸುತ್ತದೆ. ಆದರೆ ಹೆಜ್ಜೆ ಮೂಡಿಸಿದವನು ನನಗಾಗಿ ಮೂಡಿಸಲಿಲ್ಲ. ಅವನು ನಡೆದ, ಅದು ಮೂಡಿತು, ಅಷ್ಟೆ. ‘ಇಲ್ಲಿ ಒಬ್ಬ ಹೋಗಿದ್ದ’ ಎನ್ನುವುದರಾಚೆ ಅದು ಏನನ್ನೂ ಹೇಳುವುದಿಲ್ಲ. ಅವನು ಮುಟ್ಟಬೇಕಾದ ಕಡೆ ಮುಟ್ಟಿದನೋ, ಮುಂದೆ ಕಂದಕಕ್ಕೆ ಬಿದ್ದನೋ, ಸೌದೆಗೆ ಹೋಗಿದ್ದನೋ ಹೆಜ್ಜೆಗೆ ಗೊತ್ತಿಲ್ಲ. ಗುಂಪಿ ಇಟ್ಟವನು ಮಾತ್ರ ನಡೆಯುತ್ತಿದ್ದವನು ನಿಂತ, ಬಗ್ಗಿದ, ಕಲ್ಲು ಆಯ್ದ, ಅಲುಗದಂತೆ ಕೂರಿಸಿದ. ತಾನು ಕಾಣದ ಯಾರನ್ನೋ ನೆನೆದು ಇಷ್ಟು ಮಾಡಿದ. ಹೆಜ್ಜೆ ಒಂದು ಸುದ್ದಿ. ಗುಂಪಿ ಕೊಟ್ಟ ಮಾತು.

ಇವತ್ತು ನಮ್ಮ ಫೋನಿನ ನಕ್ಷೆಗಳಲ್ಲಿ ಕಾಣುವ ಚಾರಣದ ಗೆರೆಗಳಲ್ಲಿ ಹೆಚ್ಚಿನವು ಈ ಹೆಜ್ಜೆಯ ಜಾತಿಗೆ ಸೇರಿದವು. ಯಾರೋ ಜಿಪಿಎಸ್ ಹಚ್ಚಿಕೊಂಡು ನಡೆದರು, ಗೆರೆ ಮೂಡಿತು, ಅದನ್ನು ಮೇಲೇರಿಸಿದರು. ನೀರು ಕುಡಿಯಲು ಪಕ್ಕಕ್ಕೆ ಸರಿದದ್ದು, ಫೋಟೊ ತೆಗೆಯಲು ಬಂಡೆಯ ಅಂಚಿಗೆ ಹೋದದ್ದು, ದಾರಿ ತಪ್ಪಿ ಅಲೆದದ್ದು ಎಲ್ಲವೂ ಆ ಗೆರೆಯಲ್ಲಿ ಸೇರಿಕೊಂಡಿರುತ್ತವೆ. ಗೆರೆಗೆ ಬಿಟ್ಟೂಬಿಡದ ನೇರ ನೋಟವಿದೆ, ಹಿಂದೆ ಬರುವವರ ಬಗ್ಗೆ ಚಿಂತೆ ಇಲ್ಲ. ಫೋನನ್ನು ಬಿಸಾಕಿ ಎಂದು ನಾನು ಹೇಳುವುದಿಲ್ಲ. ಸುದ್ದಿಯನ್ನು ಸುದ್ದಿಯಂತೆ ಕೇಳಬೇಕು, ಮಾತನ್ನು ಮಾತಿನಂತೆ ಎಂದಷ್ಟೇ ಹೇಳುತ್ತೇನೆ.

ಇನ್ನೊಂದು ಬಗೆಯ ಹಿಂಬಾಲಿಕೆಯಿದೆ, ಅದು ಮಂದಿಯ ಹಿಂದೆ ಹೋಗುವುದು. ನಮ್ಮ ಕಾಕಾ ಯುಗಾದಿಯ ಮುಂಚೆ ಶ್ರೀಶೈಲಕ್ಕೆ ಹಲವು ಸಲ ನಡೆದು ಹೋದವರು. ಉತ್ತರ ಕರ್ನಾಟಕದ ಊರೂರುಗಳಿಂದ ಮಲ್ಲಯ್ಯನ ಕಂಬಿ ಹೊತ್ತವರು ಆ ದಿನಗಳಲ್ಲಿ ನಲ್ಲಮಲದ ಅಡವಿಯನ್ನು ಹೊಕ್ಕು, ಭೀಮನ ಕೊಳ್ಳ ಇಳಿದು ಹತ್ತಿ, ಕೈಲಾಸ ಬಾಗಿಲು ದಾಟಿ ಗುಡಿ ಸೇರುತ್ತಾರೆ. ಆ ದಾರಿಯ ಏರಿನಲ್ಲಿ ಕಲ್ಲಿನ ಮೆಟ್ಟಿಲುಗಳಿವೆ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ಬಿಸಿಲಿಗೆ ಬಾಯಾರಿ, ಪಾದಕ್ಕೆ ಬೊಕ್ಕೆ ಎದ್ದು ನಡೆಯುವವರಿಗೆ ಅರಸನ ಹೆಸರು ನೆನಪಿಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಾಲಿಗೆ ಮೆಟ್ಟಿಲು ಸಿಕ್ಕರೆ ಸಾಕು. ಆ ಅಡವಿಯಲ್ಲಿ ದಾರಿ ತಪ್ಪುವ ಭಯವಿಲ್ಲವೇ ಎಂದು ಕೇಳಿದಾಗ ಕಾಕಾ ನಕ್ಕಿದ್ದರು. “ಅಷ್ಟು ಮಂದ್ಯಾಗ ದಾರಿ ಎಲ್ಲಿ ತಪ್ತದ? ಆದ್ರ ಒಂದು ತಿಳ್ಕೊ. ಮಂದಿ ಹಿಂದ ಹೋಗೋದು ಬ್ಯಾರೆ, ಗುರುತು ಹಿಡ್ದು ಹೋಗೋದು ಬ್ಯಾರೆ. ಮಂದ್ಯಾಗ ಮುಂದಿನಾಂವ ಎಲ್ಲಿ ಹೊಂಟಾನ ಅಂತ ಅವಗೂ ಗೊತ್ತಿರಲ್ಲ. ಅವ ತನ್ನ ಮುಂದಿನಾಂವನ ಬೆನ್ನು ನೋಡ್ಕೋತ ಹೊಂಟಿರ್ತಾನ.”

ಕಾಕಾನ ಮಾತಿನಲ್ಲಿ ನನಗೆ ಬೇಕಾದ ಒಂದು ಎಳೆ ಸಿಕ್ಕಿತು. ಗುಂಪಿನಲ್ಲಿ ಹೊಣೆ ಯಾರದೂ ಅಲ್ಲ, ಪ್ರತಿಯೊಬ್ಬನೂ ಅದನ್ನು ಮುಂದಿನವನಿಗೆ ದಾಟಿಸುತ್ತಾನೆ. ಕಲ್ಲಿನ ಗುರುತಿನಲ್ಲಿ ಹೊಣೆ ಒಂದು ಕಡೆ ನಿಂತಿರುತ್ತದೆ. ಒಬ್ಬನೇ ಒಬ್ಬ ಮನುಷ್ಯ ಇಲ್ಲಿ ತೀರ್ಮಾನ ಮಾಡಿದ್ದಾನೆ. ಅವನು ತಪ್ಪಿರಬಹುದು. ಆದರೆ ತಪ್ಪಿದ್ದರೆ ಅದು ಅವನ ತಪ್ಪು, ಎಲ್ಲರ ಮೇಲೂ ಹಂಚಿ ಕರಗಿಸಿಬಿಡುವಂಥದ್ದಲ್ಲ.

ಕಲ್ಲಿನ ಮೇಲಿನ ಈ ಹೊಣೆ ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ರಾತ್ರೋರಾತ್ರಿ ಬಾಂದುಗಲ್ಲು ಸರಿಸಿದವನ ಕಥೆ ಇಲ್ಲದ ಊರು ನಮ್ಮಲ್ಲಿ ಸಿಗುವುದು ಕಷ್ಟ. ಒಂದು ಮೊಳ ನೆಲಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿನ ಕಟ್ಟೆ ಸವೆಸಿದ್ದಾರೆ. ಕಾನೂನು ಕೂಡ ಇಂಥ ಕಲ್ಲುಗಳ ಬಗ್ಗೆ ಮಾತಾಡಿದೆ. 1860ರ ಭಾರತೀಯ ದಂಡ ಸಂಹಿತೆಯ 434ನೆಯ ಕಲಮು ಸರ್ಕಾರ ನೆಡಿಸಿದ ಗಡಿಗುರುತನ್ನು ಕಿತ್ತವನಿಗೆ, ಸರಿಸಿದವನಿಗೆ ಒಂದು ವರ್ಷದ ತನಕ ಸೆರೆಮನೆ ಎನ್ನುತ್ತಿತ್ತು. ಅದರ ಹಿಂದಿನ ಕಲಮು, 433, ಸಮುದ್ರದಲ್ಲಿ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭವನ್ನೋ ಗುರುತನ್ನೋ ಕೆಡಿಸಿದರೆ ಏಳು ವರ್ಷದ ತನಕ ಎನ್ನುತ್ತಿತ್ತು. ನಾವಿಕರನ್ನು ದಾರಿ ತಪ್ಪಿಸಲೆಂದು ಸುಳ್ಳು ದೀಪ, ಸುಳ್ಳು ಗುರುತು ತೋರಿಸುವುದಕ್ಕೆ ಬೇರೆಯೇ ಕಲಮು, 281. ಅಲ್ಲೂ ಏಳು ವರ್ಷ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಒಂದು ವರ್ಷಕ್ಕೂ ಏಳು ವರ್ಷಕ್ಕೂ ಇರುವ ಆ ಅಂತರ ಹಾಗೆಯೇ ಉಳಿದಿದೆ.

ಆ ಅಂತರ ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿದೆ. ಗಡಿಯ ಕಲ್ಲು ‘ಇಲ್ಲಿಂದ ಆಚೆ ಬರಬೇಡ’ ಎನ್ನುತ್ತದೆ, ದಾರಿಯ ಗುರುತು ‘ಈ ಕಡೆ ಬಾ’ ಎನ್ನುತ್ತದೆ. ಗಡಿಯ ಕಲ್ಲು ಸರಿದರೆ ಒಬ್ಬನಿಗೆ ನೆಲ ಹೋಗುತ್ತದೆ. ಅವನು ಊರಲ್ಲೇ ಇರುತ್ತಾನೆ, ಜಗಳ ತೆಗೆಯುತ್ತಾನೆ, ಮತ್ತೆ ಅಳತೆ ಹಾಕಿಸುತ್ತಾನೆ. ದಾರಿಯ ಗುರುತು ಸುಳ್ಳಾದರೆ ಪರಸ್ಥಳದವನೊಬ್ಬನ ಜೀವ ಹೋಗುತ್ತದೆ. ದೂರು ಕೊಡಲು ಅವನೇ ಇರುವುದಿಲ್ಲ. ಕಾನೂನು ಸಮುದ್ರಕ್ಕೆ ಒಪ್ಪಿಕೊಂಡ ಈ ತರ್ಕ ಗುಡ್ಡದ ತನಕ ಹತ್ತಿಲ್ಲ. ಚಾರಣದ ಗುಂಪಿಗೆ ಕಲಮಿಲ್ಲ. ಅಲ್ಲಿರುವುದು ಇಟ್ಟವನ ಮನಸ್ಸಾಕ್ಷಿ, ನೋಡಿದವನ ಎಚ್ಚರ, ಎರಡೇ.

ಒಮ್ಮೆ ಕಾಕಾನನ್ನು ಕರೆದುಕೊಂಡು ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿಗೆ ಹೋಗಿದ್ದೆ. ಗಂಗಾವತಿಯಿಂದ ಸುಮಾರು 10 ಕಿಲೋಮೀಟರ್ ದೂರದ ಊರು. ಊರಿನಿಂದ ಕಲ್ಲುಬಂಡೆಗಳ ನಡುವೆ ನಡೆದು ಹತ್ತಿದರೆ ಮೇಲೆ ಮೋರ್ಯರ ಗುಡ್ಡ. ಕಬ್ಬಿಣದ ಕಾಲದ ಜನ ತಮ್ಮ ಸತ್ತವರಿಗಾಗಿ ನಿಲ್ಲಿಸಿದ ಸುಮಾರು 400 ಕಲ್ಲಿನ ರಚನೆಗಳಿವೆ ಅಲ್ಲಿ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸಿ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಂಡಿ ಕೊರೆದ ಕಲ್ಮನೆಗಳು. 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಅದು. ಹತ್ತುವ ದಾರಿಯಲ್ಲಿ ಬಂಡೆಗಳ ಮೇಲೆ ಅಲ್ಲಲ್ಲಿ ಬಣ್ಣದ ಬಾಣದ ಗುರುತು, ಅದು ಮಾಸಿದ ಕಡೆ ಯಾರೋ ಇಟ್ಟ ಸಣ್ಣ ಗುಂಪಿಗಳು. ಅವನ್ನು ಹಿಡಿದೇ ನಾವು ಹತ್ತುತ್ತಿದ್ದೆವು.

ಅರ್ಧ ದಾರಿಯಲ್ಲಿ ಒಂದು ಕವಲು. ಬಾಣದ ಗುರುತು ಬಲಕ್ಕಿತ್ತು. ಎಡಕ್ಕೆ, ಜಾರುಬಂಡೆಯತ್ತ ಇಳಿಯುವ ಕಡೆ, ಚೆಂದದ ಗುಂಪಿಯೊಂದು ನಿಂತಿತ್ತು. ಏಳು ಕಲ್ಲು, ತುದಿಯ ಪುಟ್ಟ ಕಲ್ಲಿಗೆ ಅರಿಸಿನ. ಕಾಕಾ ಕೂತು ನೋಡಿದರು. “ಇದು ದಾರಿ ಗುರುತಲ್ಲ. ಯಾರದೋ ಮನಿ ಹರಕಿ.” ನಮ್ಮ ನಾಡಿನ ಎಷ್ಟೋ ಬೆಟ್ಟಗಳಲ್ಲಿ ಜನ ಹೀಗೆ ಕಲ್ಲಿನ ಮೇಲೆ ಕಲ್ಲಿಟ್ಟು, ತಮಗೊಂದು ಸ್ವಂತ ಮನೆಯಾಗಲಿ ಎಂದು ಬೇಡಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ.

“ಕೆಡವಿಬಿಡ್ಲೇನು ಕಾಕಾ?” ಎಂದೆ.

“ಕೆಡವಲಾಕ ನಿನಗೇನು ಹಕ್ಕದ?” ಎಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಹಂಗೇ ಬಿಟ್ಟು ಹೋಗಲಾಕರೆ ಏನು ಹಕ್ಕದ?” ಎಂದರು.

ಆ ಎರಡು ಪ್ರಶ್ನೆಗಳ ನಡುವೆ ನಾವು ಬಿಸಿಲಲ್ಲಿ ನಿಂತಿದ್ದೆವು. ಆ ಏಳು ಕಲ್ಲು ಇಟ್ಟವರು ಯಾರನ್ನೂ ದಾರಿ ತಪ್ಪಿಸಲು ಇಟ್ಟವರಲ್ಲ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಸಾಮಾನು ಹೊತ್ತ ಸಂಸಾರವಿರಬಹುದು. ಮಕ್ಕಳು ಕಲ್ಲು ಆಯ್ದು ಕೊಟ್ಟಿರಬಹುದು, ತಾಯಿ ಅರಿಸಿನ ಹಚ್ಚಿರಬಹುದು. ಅವರು ದೇವರ ಜೊತೆ ಮಾತಾಡಿದರು. ಆದರೆ ಆಡಿದ್ದು ದಾರಿಹೋಕರ ಭಾಷೆಯಲ್ಲಿ, ದಾರಿಹೋಕರು ಕಿವಿಗೊಡುವ ಜಾಗದಲ್ಲಿ. ಅವರ ಮನಸ್ಸಿನಲ್ಲಿ ಇಲ್ಲದ ಮಾತೊಂದು ಕಲ್ಲಿನ ಬಾಯಲ್ಲಿ ಹೊರಟುಬಿಟ್ಟಿತು. ಮೋಸದ ಉದ್ದೇಶವಿಲ್ಲದೆ ಆದ ಸುಳ್ಳಿಗೆ ಯಾರು ಹೊಣೆ? ಉದ್ದೇಶ ಒಳ್ಳೆಯದಿತ್ತು ಎನ್ನುವುದು ಇಟ್ಟವರನ್ನು ಬಿಡಿಸಬಹುದು. ಸಂಜೆ ಹೊತ್ತಲ್ಲಿ ಆ ಬಂಡೆಯತ್ತ ಇಳಿದವನ ಕಾಲನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಇನ್ನು ನೋಡಿ, ತಿಳಿದೂ ತಿಳಿದೂ ಹಾಗೇ ಬಿಟ್ಟು ಹೋದರೆ, ಆ ಕ್ಷಣದಿಂದ ಹೊಣೆ ನಮ್ಮದು.

ಕಾಕಾ ಕೊನೆಗೆ ಮಾಡಿದ್ದು ಇಷ್ಟು. ಕವಲಿನಿಂದ ದೂರ, ಯಾರೂ ನಡೆಯದ ಒಂದು ಚಪ್ಪಟೆ ಬಂಡೆಯ ನೆತ್ತಿಗೆ ಆ ಏಳೂ ಕಲ್ಲನ್ನು ಒಂದೊಂದಾಗಿ ಸಾಗಿಸಿದರು. ಯಾವುದರ ಮೇಲೆ ಯಾವುದು ಇತ್ತೋ ಅದೇ ಕ್ರಮದಲ್ಲಿ ಕೂರಿಸಿದರು. ಅರಿಸಿನದ ಕಲ್ಲು ತುದಿಗೇ ಹೋಯಿತು. “ಮನಿ ಅಲ್ಲಿ ಆದ್ರೇನು, ಇಲ್ಲಿ ಆದ್ರೇನು” ಎಂದು ಕೈ ಒರೆಸಿಕೊಂಡರು.

ಹರಕೆ ಇಟ್ಟವರು ಬಂದು ನೋಡಿದರೆ ಒಪ್ಪುತ್ತಿದ್ದರೋ ಇಲ್ಲವೋ. ನನಗನ್ನಿಸಿದ್ದು, ಅಲ್ಲಿ ಎರಡು ಮೌಲ್ಯಗಳು ಎದುರುಬದುರಾಗಿದ್ದವು. ಒಬ್ಬರ ಪ್ರಾರ್ಥನೆ, ಇನ್ನೊಬ್ಬರ ಜೀವ. ಜೀವ ದೊಡ್ಡದು ಎಂದು ಹೇಳಿ ಪ್ರಾರ್ಥನೆಯನ್ನು ಒದೆಯುವುದು ಸುಲಭವಿತ್ತು. ಜೀವ ದೊಡ್ಡದು ಎಂದು ಹೇಳಿಯೂ ಪ್ರಾರ್ಥನೆಯನ್ನು ಎರಡೂ ಕೈಯಲ್ಲಿ ಎತ್ತಿಕೊಳ್ಳುವುದಕ್ಕೆ ಕಾಲು ಗಂಟೆ ಹೆಚ್ಚು ಹಿಡಿಯಿತು. ನೀತಿಯ ಎಷ್ಟೋ ಪ್ರಶ್ನೆಗಳು ಆ ಕಾಲು ಗಂಟೆಯನ್ನು ಕೊಡಲು ನಾವು ತಯಾರಿದ್ದೇವೆಯೇ ಎಂಬಲ್ಲಿಗೇ ಬಂದು ನಿಲ್ಲುತ್ತವೇನೋ.

ಈ ಗೊಂದಲ ನಮ್ಮದೊಂದೇ ಅಲ್ಲ. ಅಮೆರಿಕದ ಮೇನ್ ರಾಜ್ಯದಲ್ಲಿರುವ ಅಕೇಡಿಯ ರಾಷ್ಟ್ರೀಯ ಉದ್ಯಾನದಲ್ಲಿ ಒಂದು ವಿಶೇಷ ಬಗೆಯ ಗುಂಪಿಗಳಿವೆ. 20ನೆಯ ಶತಮಾನದ ಆರಂಭದಲ್ಲಿ ವಾಲ್ಡ್ರನ್ ಬೇಟ್ಸ್ ಎಂಬಾತ ರೂಪಿಸಿದ್ದು. ಕೆಳಗೆ ಎರಡು ಗಟ್ಟಿ ಕಲ್ಲು, ಅವುಗಳ ಮೇಲೆ ಬಾಗಿಲ ತೊಲೆಯಂತೆ ಒಂದು ಚಪ್ಪಡಿ, ಅದರ ಮೇಲೆ ದಾರಿಯ ದಿಕ್ಕು ತೋರುವ ಒಂದು ಕಲ್ಲು. ಆಟಕ್ಕೆ ಕಲ್ಲು ಪೇರಿಸುವವರ ಕೈಯಲ್ಲಿ ಅಕಸ್ಮಾತ್ತಾಗಿ ಆಗಿಬಿಡುವ ಆಕಾರ ಅದಲ್ಲ. ಗುರುತಿಗೇ ಒಂದು ಸಹಿಯಿದ್ದಂತೆ. ಅವಕ್ಕೆ ಒಂದು ಕಲ್ಲು ಸೇರಿಸಲೂ ಬೇಡಿ, ತೆಗೆಯಲೂ ಬೇಡಿ ಎಂದು ಉದ್ಯಾನದವರು ಕೇಳಿಕೊಳ್ಳುತ್ತಾರೆ. ಅದೇ ದೇಶದ ಯೊಸೆಮಿಟಿ ಉದ್ಯಾನದವರು 2023ರಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು ಹೇಳಿದರು. ಬಂದವರೆಲ್ಲ ಮನಸ್ಸಿಗೆ ಬಂದಲ್ಲಿ ಕಲ್ಲು ಪೇರಿಸುತ್ತಿದ್ದಾರೆ, ಅದರಿಂದ ದಾರಿ ತಪ್ಪುತ್ತದೆ, ಕಲ್ಲಿನಡಿಯ ಹುಳಹುಪ್ಪಟೆ ಹಲ್ಲಿಗಳ ನೆಲೆ ಕೆಡುತ್ತದೆ, ಆದ್ದರಿಂದ ಕಂಡರೆ ಕೆಡವಿ ಎಂದರು. ಒಂದು ಕಡೆ ಮುಟ್ಟಬೇಡಿ, ಇನ್ನೊಂದು ಕಡೆ ಕೆಡವಿ. ಎರಡರ ಹಿಂದೆಯೂ ಇರುವುದು ಒಂದೇ ಪ್ರಶ್ನೆ: ಈ ಕಲ್ಲಿಗೆ ಹೊಣೆ ಹೊತ್ತವರು ಯಾರಾದರೂ ಇದ್ದಾರೆಯೇ?

ಗುರುತೇ ಇರಬಾರದು ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ತೂಕವಿದೆ. ಸ್ಕಾಟ್ಲೆಂಡಿನ ಬೆನ್ ನೆವಿಸ್ 1345 ಮೀಟರ್ ಎತ್ತರದ ಬೆಟ್ಟ. ನೆತ್ತಿ ಹೆಚ್ಚುಕಡಿಮೆ ಸಮತಟ್ಟು. ಉತ್ತರಕ್ಕೆ ಕಡಿದಾದ ಪ್ರಪಾತ, ಇಳಿಯುವ ದಾರಿಯ ಇನ್ನೊಂದು ಮಗ್ಗುಲಿಗೆ ಜನರನ್ನು ನುಂಗಿದ ಕಮರಿ. ಹಿಮ ಮುಸುಕಿದಾಗ ಅಲ್ಲಿಂದ ಇಳಿಯುವವರಿಗೆ ದಿಕ್ಸೂಚಿ ಹಿಡಿದು 231 ಡಿಗ್ರಿಯಲ್ಲಿ 150 ಮೀಟರ್, ಆಮೇಲೆ 282 ಡಿಗ್ರಿಯಲ್ಲಿ ನಡೆಯಿರಿ ಎಂದು ಲೆಕ್ಕ ಕಲಿಸುತ್ತಾರೆ. ಅಲ್ಲಿ ಗುಂಪಿಗಳು ಇರಬೇಕೇ ಬೇಡವೇ ಎಂದು ಚಾರಣಿಗರ ನಡುವೆ ವಾದ ನಡೆದಿದೆ. ಬೇಡ ಎನ್ನುವವರ ತರ್ಕ ಸರಳ. ಗುರುತು ಇದೆಯೆಂದು ಗೊತ್ತಾದರೆ ದಿಕ್ಸೂಚಿ ಹಿಡಿಯಲು ಬಾರದವರೂ ಹೊರಡುತ್ತಾರೆ. ಹಿಮ ಗುಂಪಿಯನ್ನೇ ಮುಚ್ಚಿದ ದಿನ ಅವರ ಕೈಯಲ್ಲಿ ಏನೂ ಇರುವುದಿಲ್ಲ.

ಅವರ ಮಾತನ್ನು ಹೀಗೂ ಹಿಗ್ಗಿಸಬಹುದು: ಇನ್ನೊಬ್ಬರು ಇಟ್ಟ ಗುರುತು ಹಿಡಿದು ನಡೆದದ್ದು ನಮ್ಮ ನಡಿಗೆಯೇ? ಕಾಲೇಜಿನ ದಿನಗಳಲ್ಲಿ ಇಂಥ ಪ್ರಶ್ನೆಗೆ ರೋಮಾಂಚನವಾಗುತ್ತದೆ. ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬೇಕು ಎನ್ನುವುದು ಕೇಳಲು ಸೊಗಸಾದ ಮಾತು. ಆದರೆ ಗುರುತು ಹಿಡಿದು ನಡೆದವರಿಗೆ ಒಂದು ಸಂಗತಿ ಗೊತ್ತು. ಗುಂಪಿ ನಿಮ್ಮನ್ನು ಕೈಹಿಡಿದು ಕರೆದೊಯ್ಯುವುದಿಲ್ಲ. ಅದು ಒಂದು ಬಿಂದು ಮಾತ್ರ. ಈ ಬಿಂದುವಿಗೂ ಮುಂದಿನದಕ್ಕೂ ನಡುವಿನ ನೆಲದಲ್ಲಿ ಕಾಲನ್ನು ಎಲ್ಲಿಡಬೇಕು ಎಂಬ ತೀರ್ಮಾನವೆಲ್ಲ ನಿಮ್ಮದೇ. ಬಲ್ಲವರ ರೂಢಿಯೊಂದಿದೆ. ಹಿಂದಿನ ಗುಂಪಿ ಕಣ್ಣಿಂದ ಮರೆಯಾಗುವ ಮೊದಲು ಮುಂದಿನದು ಕಾಣಬೇಕು. ಕಾಣದಿದ್ದರೆ ಹಿಂದಿನದಕ್ಕೇ ಮರಳಿ, ನಿಂತು, ಮತ್ತೆ ಸುತ್ತ ನೋಡಬೇಕು. ಇದನ್ನು ಕುರುಡು ನಂಬಿಕೆ ಎನ್ನಲಾಗುವುದಿಲ್ಲ. ಪ್ರತಿ ಗುರುತಿನಲ್ಲೂ ನಂಬಿಕೆಯನ್ನು ಒರೆಗೆ ಹಚ್ಚುತ್ತ, ಸ್ವಲ್ಪ ಸ್ವಲ್ಪವೇ ಸಾಲ ಕೊಡುತ್ತ ಹೋಗುವ ವ್ಯವಹಾರ ಇದು. ಮೂರು ಗುಂಪಿ ಸರಿಯಾಗಿದ್ದರೆ ನಾಲ್ಕನೆಯದನ್ನು ಇನ್ನಷ್ಟು ನಂಬುತ್ತೇವೆ. ಒಂದು ಗುಂಪಿ ನೆಲದ ಮಾತಿಗೆ ವಿರುದ್ಧವಾಗಿದ್ದರೆ, ಅಂದರೆ ಅದು ತೋರುವ ಕಡೆ ಜಾರುಬಂಡೆಯಿದ್ದರೆ, ನೆಲವನ್ನು ನಂಬುತ್ತೇವೆ.

ಹಿಂಬಾಲಿಸುವವನಿಗೆ ಈ ರೂಢಿಯಾದರೆ ಇಡುವವನಿಗೇನು? ಅಂದು ಇಳಿಯುವಾಗ ಕಾಕಾ ಬಿದ್ದುಹೋಗಿದ್ದ ಒಂದೆರಡು ಗುಂಪಿಗಳನ್ನು ಎತ್ತಿ ನಿಲ್ಲಿಸಿದರು. ಹತ್ತುವಾಗಲೂ ಅವು ಬಿದ್ದೇ ಇದ್ದವು, ಆಗ ಮುಟ್ಟಿರಲಿಲ್ಲ. ಯಾಕೆಂದು ಕೇಳಿದೆ. “ಆಗ ಇದು ಮ್ಯಾಲ ಮುಟ್ತದೋ ಇಲ್ಲೋ ನನಗೇನು ಗೊತ್ತಿತ್ತು?” ಎಂದರು. ಹೋಗುವಾಗ ಇಟ್ಟ ಕಲ್ಲು ಊಹೆ, ಬರುವಾಗ ಇಟ್ಟ ಕಲ್ಲು ಸಾಕ್ಷಿ. ತನ್ನ ವಾಪಸಾತಿಗೆಂದು ಹೋಗುವಾಗಲೇ ಕಲ್ಲಿಡುವವರಿದ್ದಾರೆ. ಅದು ತಪ್ಪಲ್ಲ, ಆದರೆ ಅಂಥ ಕಲ್ಲು ಹೆಜ್ಜೆ ಗುರುತಿನಂತೆ ಇಟ್ಟವನಿಗಷ್ಟೇ ಅರ್ಥವಾಗುವಂಥದ್ದು. ದಾರಿ ಸರಿಯಿರಲಿಲ್ಲವೆಂದು ತಿಳಿದರೆ ಮರಳುವಾಗ ಅದನ್ನು ತೆಗೆದು ಬರುವುದೂ ಅವನ ಕೆಲಸವೇ. ತಾನು ನಡೆದು ಮುಟ್ಟದ ದಾರಿಗೆ ಇನ್ನೊಬ್ಬನನ್ನು ಕರೆಯಬಾರದು. ಗುಡ್ಡದ ಈ ನಿಯಮವನ್ನು ಮೇಷ್ಟ್ರುಗಳಿಗೂ ಬರೆಯುವವರಿಗೂ ಭಾಷಣ ಮಾಡುವವರಿಗೂ ಹಚ್ಚಿ ನೋಡಿದರೆ ಎಷ್ಟು ಗುಂಪಿ ಉಳಿದಾವು ಎಂದು ನನಗೆ ಆಗಾಗ ಅನ್ನಿಸುತ್ತದೆ, ನನ್ನ ಈ ಬರಹವನ್ನೂ ಸೇರಿಸಿಕೊಂಡು.

ಗುರುತಿಗೆ ಇನ್ನೊಂದು ಗತಿಯೂ ಉಂಟು. ಅದು ಸುಳ್ಳಾಗದೆಯೂ ಮೂಕವಾಗಿಬಿಡಬಹುದು. ಅದರ ಕಥೆ ನಮ್ಮ ಜೇವರ್ಗಿ ಸೀಮೆಯಲ್ಲೇ ಇದೆ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದ ಫಿಲಿಪ್ ಮೆಡೋಸ್ ಟೇಲರ್ ಭೀಮಾ ತೀರದ ಫಿರೋಜಾಬಾದಿನ ಹತ್ತಿರ, ಜೇವರ್ಗಿಯಲ್ಲಿದ್ದ ಪ್ರಾಚೀನ ಕಲ್ಲುಗುಂಪಿಗಳನ್ನು ಅಗೆಸಿ ನೋಡಿದ. ಒಳಗೆ ಸಿಕ್ಕದ್ದು ಎಲುಬುಗಳು, ಮಣ್ಣಿನ ಮಡಕೆಗಳು. 19ನೆಯ ಶತಮಾನದ ನಡುವಿನಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಬಗ್ಗೆ ಬರೆದ. ಅವನ್ನು ತನ್ನ ಕಡೆಯ ಕೆಲ್ಟರ, ಡ್ರೂಯಿಡರ, ದೂರದ ಸಿಥಿಯನ್ನರ ಸ್ಮಾರಕಗಳ ಸಾಲಿಗೆ ಸೇರಿಸಿದ. ನಮ್ಮ ಜನರ ಕೈಯಲ್ಲೂ ಉತ್ತರವಿರಲಿಲ್ಲ. ಇಂಥವನ್ನು ಮೋರ್ಯರೆಂಬ ಗಿಡ್ಡ ಜನರ ಮನೆಗಳೆಂದು ಕರೆದರು. ಸಾಹೇಬ ತನ್ನ ಊರಿನ ನೆನಪನ್ನು ಆ ಕಲ್ಲುಗಳ ಮೇಲೆ ಇಟ್ಟ, ನಮ್ಮವರು ತಮ್ಮ ಕಥೆಯನ್ನು ಇಟ್ಟರು. ಇಟ್ಟವರು ಹೇಳಹೊರಟದ್ದು ಏನೆಂದು ಕೇಳಲು ಅವರ ಭಾಷೆಯ ಒಬ್ಬರೂ ಉಳಿದಿರಲಿಲ್ಲ.

ಇದೇ ಟೇಲರ್ ಸುರಪುರಕ್ಕೆ ಬರುವ ಮೊದಲು, 1839ರಲ್ಲಿ, ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಪ್ರಕಟಿಸಿದ್ದ. ದಾರಿಹೋಕರ ಜೊತೆಗೂಡಿ, ಸ್ನೇಹದ ಮಾತಾಡಿ, ನಂಬಿಕೆ ಗಳಿಸಿ, ನಿರ್ಜನ ಜಾಗದಲ್ಲಿ ಕೊರಳು ಬಿಗಿಯುವವರ ಕಥೆ. ಮುಖ ನೋಡಿ ನಂಬಿದವರು ಸತ್ತ ಪುಸ್ತಕ ಅದು. ಹಾಗಾದರೆ ಮುಖ ಕಾಣುತ್ತದೆ ಎಂಬುದೇನೂ ನಂಬಿಕೆಗೆ ಖಾತ್ರಿಯಲ್ಲ. ಎದುರಿಗಿದ್ದವನೂ ಮೋಸ ಮಾಡಬಲ್ಲ, ಎದುರಿಗೆ ಇಲ್ಲದವನೂ ಕಾಪಾಡಬಲ್ಲ. ಥಗ್ಗನಿಗೆ ದಾರಿಹೋಕನಿಂದ ಆಗಬೇಕಾದದ್ದು ಇರುತ್ತದೆ. ಗುಂಪಿ ಇಟ್ಟವನಿಗೆ ನನ್ನಿಂದ ಏನೂ ಆಗಬೇಕಾಗಿಲ್ಲ, ನಾನು ಉಳಿದೆನೆಂಬ ಸುದ್ದಿಯೂ ಅವನಿಗೆ ಮುಟ್ಟುವುದಿಲ್ಲ. ಅವನ ಮಾತಿಗೆ ತೂಕ ಬಂದದ್ದು ಅಲ್ಲಿಂದ.

ಇಂಥವನ ಋಣವನ್ನು ತೀರಿಸುವುದು ಹೇಗೆ? ಕನ್ನಡದಲ್ಲಿ ಸತ್ತುಹೋದ ಹಿರಿಯರನ್ನು ನಾವು ‘ಹಿಂದಿನವರು’ ಎನ್ನುತ್ತೇವೆ, ಇನ್ನೂ ಹುಟ್ಟಬೇಕಾದವರನ್ನು ‘ಮುಂದಿನವರು’ ಎನ್ನುತ್ತೇವೆ. ಗುಡ್ಡದ ದಾರಿಗೆ ಬಂದರೆ ಇದು ತಲೆಕೆಳಗಾಗುತ್ತದೆ. ಹಿಂದಿನವರೇ ಅಲ್ಲಿ ಮುಂದೆ ಹೋದವರು, ಗುರುತು ಅವರದು. ಮುಂದಿನವರೇ ಅಲ್ಲಿ ಹಿಂದೆ ಬರುತ್ತಿರುವವರು. ಗುರುತು ಬೇಕಾಗಿರುವುದು ಅವರಿಗೆ. ಮುಂದೆ ಹೋದವರನ್ನು ಎಷ್ಟು ಬಿರುಸಾಗಿ ನಡೆದರೂ ಮುಟ್ಟಲಾಗದು, ಕೈಮುಗಿಯಲಾಗದು. ಹಿಂದೆ ಬರುವವರನ್ನು ಕಾದು ಕೂರಲೂ ಆಗದು, ಕತ್ತಲಾಗುತ್ತದೆ. ಎರಡು ಕಡೆಯವರಿಗೂ ಸೇರಿ ನಮ್ಮ ಕೈಲಿ ಆಗುವುದು ಒಂದೇ ಕೆಲಸ. ಮಳೆಗೋ ದನದ ಕಾಲಿಗೋ ಸಿಕ್ಕಿ ಉರುಳಿದ ಮೇಲಿನ ಕಲ್ಲನ್ನು ಎತ್ತಿ, ಅಲುಗದಂತೆ ಮತ್ತೆ ಕೂರಿಸುವುದು. ಹಾಗೆ ಕೂರಿಸುವ ಮೊದಲು, ಈ ದಾರಿಯನ್ನು ನಾನು ಕೊನೆಯ ತನಕ ನಡೆದಿದ್ದೇನೆಯೇ ಎಂದು ಒಮ್ಮೆ ಕೇಳಿಕೊಳ್ಳುವುದು.